ನಾವು ಭಾಷೆ ಕಲಿಸಿದ ಫೋನು

ನವೆಂಬರ್ ೯, ಭಾನುವಾರ

ಪ್ರೀತಿಯ ತಂಗೀ,

ಹೇಗಿದ್ದೀಯ? ಕಾಗದದ ಮೇಲೆ ನನ್ನ ಕೋಳಿಕಾಲು ಅಕ್ಷರ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಹಿಂದೊಮ್ಮೆ ನೀನು ಕಳಿಸಿದ್ದ ಪಾರ್ಸೆಲ್ಲಿನ ಮೇಲಿನ ವಿಳಾಸ ಎತ್ತಿಟ್ಟುಕೊಂಡಿದ್ದೆ. ಇನ್ನೂ ಅದೇ ಮನೆಯಲ್ಲಿದ್ದೀಯೆಂದು ನಂಬಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲೇ ಬರೆಯಬೇಕಿತ್ತು. ಇವತ್ತು, ನಾಳೆ ಎನ್ನುತ್ತ ಚಳಿಗಾಲವೇ ಬಂತು. ಬೇಜಾರು ಮಾಡಿಕೊಳ್ಳಬೇಡ.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಖ ಸಿಂಡರಿಸುತ್ತದೆ. ಹಲ್ಲಿನ ಲ್ಯಾಬಿನಲ್ಲಿ ಈಗಲೂ ಅದೇ ಕಿಟಕಿಯ ಪಕ್ಕ ಕೂತು ಹಲ್ಲುಸೆಟ್ಟು ಉಜ್ಜುತ್ತೇನೆ. ಊರಿನ ಮುದುಕರ ಅರ್ಧ ನಗು ನನ್ನ ಕೈಯಿಂದಲೇ ಬಂದದ್ದು ಎಂದು ನೀನು ತಮಾಷೆ ಮಾಡುತ್ತಿದ್ದೆಯಲ್ಲ, ಆ ಲೆಕ್ಕದಲ್ಲಿ ಊರು ಈಗ ಮುಕ್ಕಾಲು ಪಾಲು ನಗುತ್ತಿದೆ. ಸೈಕಲ್ ಅಂಗಡಿಯ ಮೇಲಿದ್ದ ನಮ್ಮ ಕೋಣೆಯಲ್ಲಿ ಈಗ ಹಾಸಿಗೆ ಅಂಗಡಿಯವರು ಹತ್ತಿ ತುಂಬಿಟ್ಟಿದ್ದಾರೆ. ಭಾನುವಾರವಾದರೆ ಹಳೇ ಫೋನುಗಳನ್ನು ಮೇಜಿನ ತುಂಬ ಹರಡಿ, ಕಂಪನಿ ಕೊಟ್ಟದ್ದನ್ನು ಅಳಿಸಿ, ಎಲ್ಲರಿಗೂ ಸೇರಿದ ಮುಕ್ತ ತಂತ್ರಾಂಶ ಹಾಕಿಕೊಡುತ್ತ ನಾವಿಬ್ಬರೂ ಕೂರುತ್ತಿದ್ದ ಜಾಗ ಅದು ಎಂದರೆ ಈಗ ಯಾರೂ ನಂಬಲಾರರು.

ಇನ್ನು ದೊಡ್ಡ ಸುದ್ದಿ. ಗೂಬಣ್ಣ ಕೈಬಿಟ್ಟ. ಅವನ ಮುಖವನ್ನು ನಾವಿಬ್ಬರೂ ನೋಡಿದವರಲ್ಲ. ಆದರೂ ನಮ್ಮ ಮಾದರಿಯ ಫೋನಿಗೆ ತಿಂಗಳು ತಪ್ಪದೆ ಆ ತಂತ್ರಾಂಶದ ಹೊಸ ಆವೃತ್ತಿ ಕಟ್ಟಿಕೊಡುತ್ತಿದ್ದ ಪುಣ್ಯಾತ್ಮ ಅವನೊಬ್ಬನೇ. ಜಾಲತಾಣದಲ್ಲಿ ಹಾಕಿದ ಕೊನೆಯ ಸೂಚನೆಯಲ್ಲಿ ಎಲ್ಲ ವಿವರವಾಗಿ ಬರೆದಿದ್ದ. ದೊಡ್ಡ ಕಂಪನಿಯವರು ಮೊದಲೆಲ್ಲ ತಮ್ಮ ಕೆಲಸವನ್ನು ಎಲ್ಲರ ಮುಂದೆ ಬಿಚ್ಚಿಡುತ್ತಿದ್ದರು, ಈಗ ತಡವಾಗಿ, ಅದೂ ಅರೆಬರೆ ಕೊಡುತ್ತಾರಂತೆ. ಫೋನ್ ತಯಾರಿಸುವವರು ಬೇರೆ ತಂತ್ರಾಂಶ ಹಾಕಲು ಬೇಕಾದ, ಬೀಗ ತೆರೆಯುವ ಕೋಡು ಕೊಡುವುದನ್ನೇ ನಿಲ್ಲಿಸಿದ್ದಾರಂತೆ. ಹಗಲಿಡೀ ಕೆಲಸ, ಮನೆಗೆ ಬಂದರೆ ಅಮ್ಮನ ಆರೈಕೆ, ಒಬ್ಬನೇ ಎಷ್ಟೆಂದು ಎಳೆಯಲಿ, ಕ್ಷಮಿಸಿ ಎಂದಿದ್ದ. ನಾನು ಕೆಳಗೆ ಧನ್ಯವಾದ ಬರೆದೆ. ವಾರ ಬಿಟ್ಟು ಹೋಗಿ ನೋಡಿದರೂ ಅಲ್ಲಿ ನನ್ನದೊಂದೇ ಉತ್ತರ ಇತ್ತು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಈ ಫೋನನ್ನು ನಂಬಲಾಗದು ಎಂದು ಬ್ಯಾಂಕಿನ ಆ್ಯಪು ನನ್ನನ್ನು ಹೊರಗೆ ನಿಲ್ಲಿಸಿತು. ಕದ್ದು ನೋಡುವವರು ಯಾರೂ ಇಲ್ಲದ ಫೋನೇ ನಂಬಿಕೆಗೆ ಅರ್ಹವಲ್ಲವಂತೆ, ನೋಡು. ಲ್ಯಾಬಿನಲ್ಲೂ ಹಾಜರಿಗೆ ಆ್ಯಪು ಬಂತು. ಹಳೆಯ ಮಾಲೀಕರ ಮಗ ಈಗ ಲ್ಯಾಬು ನೋಡಿಕೊಳ್ಳುತ್ತಾನೆ. ಒಳ್ಳೆಯವನೇ. ಮೆಲ್ಲಗೆ ಕರೆದು ಕೇಳಿದ: “ಎಲ್ಲಾರ್ದೂ ಬರತ್ತೆ, ನಿಮ್ದೊಂದೇ ಹಾಜರಿ ಬರ್ತಿಲ್ಲ. ಏನಕ್ಕಾ ಆ ಫೋನಿನ ಕಥೆ?”

“ಅದು ಕಂಡೋರ ಮಾತೆಲ್ಲ ಕೇಳಲ್ಲಪ್ಪ” ಅಂದೆ.

“ಅದು ಕೇಳೋದು ಬೇಡ, ನೀವು ಕೇಳಿ ಸಾಕು” ಅಂದ.

ನಗು ಬಂತು. ಆದರೆ ಮೇಜಿಗೆ ವಾಪಸು ಬಂದು ಕೂತಾಗ ಕೈ ಓಡಲಿಲ್ಲ.

ಸುಮ್ಮನೆ ಸೋಲೊಪ್ಪಬಾರದೆಂದು ನಮ್ಮ ಬೀದಿಯ ರಿಪೇರಿಯವನ ಹತ್ತಿರ ಹೋದೆ. ಚಿಮಟ ಎಂದು ನಾವು ಹೆಸರಿಟ್ಟಿದ್ದೆವಲ್ಲ, ಅವನೇ. ಗಿರಾಕಿಗಳಿರಲಿಲ್ಲ, ಸ್ಟೂಲು ಎಳೆದು ಕೂರಿಸಿ ಇರುವ ದಾರಿಗಳನ್ನೆಲ್ಲ ಹೇಳಿದ. ಒಂದು ಕಂಪನಿಯ ಫೋನಿಗೆ ಮಾತ್ರ ಈಗಲೂ ಬೀಗ ತೆಗೆಯಲು ಬರುತ್ತದಂತೆ, ಅದಕ್ಕೆ ಹಾಕಲು ಭದ್ರವಾದ ತಂತ್ರಾಂಶವೂ ಇದೆಯಂತೆ. ಬೆಲೆ ಕೇಳಿ ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಅಷ್ಟು ಮಾಡಿದರೂ ಬ್ಯಾಂಕಿನವರು ಒಳಗೆ ಬಿಟ್ಟೇಬಿಡುತ್ತಾರೆಂಬ ಖಾತ್ರಿ ಅವನಿಗೂ ಇರಲಿಲ್ಲ. ಕೆಲಸಕ್ಕೊಂದು, ಮನಸ್ಸಿಗೊಂದು ಎಂದು ಎರಡು ಫೋನು ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಎಲ್ಲ ಬಿಟ್ಟು ಗುಂಡಿ ಒತ್ತುವ ಫೋನಿಗೆ ಹೋಗುವುದು ಮತ್ತೊಂದು. ಕಂಪ್ಯೂಟರಿನ ಮುಕ್ತ ತಂತ್ರಾಂಶದಿಂದಲೇ ಕಟ್ಟಿದ ಬೇರೆಯದೇ ಬಗೆಯ ಫೋನೊಂದು ಅವನ ಹತ್ತಿರವೇ ಇತ್ತು, ನೋಡಿ ಎಂದು ಕೊಟ್ಟ. ಮನೆಗೆ ತಂದೆ. ಫೋನು ರಿಂಗಾಗುತ್ತಿತ್ತು, ಎತ್ತಿದರೆ ಆ ಕಡೆಯವರ ಮಾತು ಕೇಳುತ್ತಿರಲಿಲ್ಲ. ಊಟದ ಹೊತ್ತಿಗೆ ಚಾರ್ಜು ಖಾಲಿ. ಅದೆಲ್ಲ ಸಹಿಸಬಹುದಿತ್ತು. ನಮ್ಮ ಭಾಷೆಯ ಒಂದು ಪದವೂ ಅದರಲ್ಲಿರಲಿಲ್ಲ. ಮತ್ತೆ ಅ ಆ ಇ ಈಯಿಂದ ಶುರುಮಾಡಬೇಕು. ನೀನು ಪಕ್ಕದಲ್ಲಿದ್ದಿದ್ದರೆ ನಾನೂ ಆಗಲಿ, ನಡಿ ಅನ್ನುತ್ತಿದ್ದೆ.

ವಾಪಸು ಕೊಡಲು ಹೋದಾಗ ಚಿಮಟ ನನ್ನ ಮುಖ ನೋಡಿ ಕೇಳಿದ: “ಅಕ್ಕಾ, ನೀವು ಫೋನು ಹುಡುಕ್ತಿದ್ದೀರೋ, ಜನ ಹುಡುಕ್ತಿದ್ದೀರೋ? ಫೋನಾದ್ರೆ ನನ್ ಹತ್ರ ಇದೆ.”

ಎಲ್ಲರೂ ಕೊಳ್ಳುವಂಥದೇ ಒಂದು ಫೋನು ಕೊಂಡು ಬಂದೆ.

ಹೊಸದು ಚುರುಕಾಗಿದೆ, ಸುಳ್ಳು ಹೇಳಬಾರದು. ಆದರೆ ಅಲಾರಾಂ ಇಡಲು ಹೋದರೆ ‘ಸ್ನೂಜ್’ ಎಂದಿತ್ತು. ಆ ಒಂದು ಪದಕ್ಕೆ ನಾವು ಎಷ್ಟು ಕಿತ್ತಾಡಿದ್ದೆವು! ನಾನು ‘ಮುಂದೂಡು’ ಎಂದು ಪಟ್ಟು ಹಿಡಿದಿದ್ದೆ. “ಫೈಲು ಮುಂದೂಡ್ತಾರೆ ಅಕ್ಕಾ, ನಿದ್ದೆ ಯಾರಾದ್ರೂ ಮುಂದೂಡ್ತಾರಾ?” ಎಂದು ನೀನು ‘ಇನ್ನೊಂದು ಗಳಿಗೆ’ ಎಂದು ಬರೆದೇಬಿಟ್ಟೆ. ಮದುವೆಯಾಗಿ ದೂರ ಹೋದ ಮೇಲೂ ಹೀಗೇ ಒಂದೊಂದು ಪದಕ್ಕೂ ಜಗಳವಾಡುತ್ತ ಇಡೀ ಫೋನಿಗೆ ಭಾಷೆ ಕಲಿಸಿದೆವು. ಹಳೆಯದನ್ನು ಎಸೆದಿಲ್ಲ. ಸಿಮ್ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಅದೇ ಎಬ್ಬಿಸುತ್ತದೆ. ಇನ್ನೊಂದು ಗಳಿಗೆ ಎಂದು ಒತ್ತಿ ಮಲಗುತ್ತೇನೆ. ಮನೆಯಲ್ಲಿ ಅಷ್ಟೇ ಮಾತುಕತೆ.

ಕೆಲಸ ಕೆಲಸ ಎಂದು ಊಟ ಬಿಡಬೇಡ. ಕಣ್ಣಿಗೆ ಕನ್ನಡಕ ಬಂದಿದ್ದರೆ ಹಾಕಿಕೋ, ನಾಚಿಕೆಪಡಬೇಡ. ನಿನ್ನ ಯಜಮಾನರಿಗೂ ನನ್ನ ಆಶೀರ್ವಾದ ತಿಳಿಸು. ಮನೆ ತುಂಬ ನೆಮ್ಮದಿಯಿರಲಿ, ನೂರು ಕಾಲ ಚೆನ್ನಾಗಿ ಬಾಳು.

ನಿನ್ನ,
ಅಕ್ಕ

ಪುನಶ್ಚ: ಇದನ್ನು ಬರೆಯುವುದು ಬೇಡವೆಂದೇ ಮೇಲೆ ಸಹಿ ಹಾಕಿದ್ದೆ. ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ನಾವಿಬ್ಬರೂ ಹೇಳಿಕೊಂಡಿದ್ದ ಆ ಮೆಸೇಜ್ ಆ್ಯಪನ್ನು ಅಂಗಡಿಯವರೇ ಹೊಸ ಫೋನಿಗೆ ಹಾಕಿಕೊಟ್ಟರು. ತೆರೆದ ಕೂಡಲೇ ನನ್ನ ಪರಿಚಯದವರಲ್ಲಿ ಯಾರ್ಯಾರು ಅಲ್ಲಿದ್ದಾರೆಂದು ತೋರಿಸಿತು. ನೀನೂ ಇದ್ದೆ. ನಮ್ಮ ಹಳೆಯ ಆ್ಯಪಿನಲ್ಲಿ ಉತ್ತರ ಬರದಿದ್ದಾಗ, ನಾನು ಬರೆದದ್ದು ನಿನ್ನನ್ನು ಮುಟ್ಟುತ್ತಿಲ್ಲವೇನೋ ಎಂದುಕೊಂಡು ಎರಡು ವರ್ಷದಿಂದ ಬರೆಯುತ್ತಲೇ ಇದ್ದೆ. ನಿನ್ನ ಫೋಟೊದಲ್ಲಿ ಮಡಿಲಲ್ಲೊಂದು ಮಗು. ಮೇಲೆ ನಾಲ್ಕು, ಕೆಳಗೆರಡು ಹಲ್ಲು, ವರ್ಷ ತುಂಬಿರಬೇಕು. ನಿನ್ನ ಹೆಸರಿನ ಕೆಳಗೆ ಆನ್‌ಲೈನ್ ಎಂದಿತ್ತು. ಏನೋ ಬರೆದೆ, ಅಳಿಸಿದೆ. ಅಲ್ಲಿ ಬರೆದರೆ ನೀನು ಓದಿದೆಯೆಂದು ಅದು ನನಗೆ ಹೇಳಿಬಿಡುತ್ತದಂತೆ. ಕಾಗದವಾದರೆ ಹೇಳುವುದಿಲ್ಲ. ಅದಕ್ಕೇ ಕಾಗದ ಬರೆದೆ. ಮಗುವಿಗೆ ಏನು ಹೆಸರಿಟ್ಟಿರಿ?