ಪರವೂರಿನ ನೆಂಟರಿಗೆ ತಿಳಿಸಬೇಕಾದ್ದು

ಗಂಗೊಳ್ಳಿ
೯-೪-೨೦೦೬

ಸೌಜನ್ಯಳ ಅಪ್ಪಯ್ಯನಿಗೆ,

ಸುಗುಣ ಮಾಡುವ ನಮಸ್ಕಾರಗಳು. ಇಲ್ಲಿ ನಾನೂ ಮಗಳೂ ಆರೋಗ್ಯದಿಂದಿದ್ದೇವೆ. ನೀವೂ ಗಟ್ಟಿಮುಟ್ಟಾಗಿದ್ದೀರೆಂದು ನಿಮ್ಮ ಕಾಗದದ ಜಂಬ ನೋಡಿಯೇ ಗೊತ್ತಾಯಿತು.

ಮಗಳ ಮದುವೆ ಪತ್ರಿಕೆ ತಲುಪಿದ್ದಕ್ಕೆ ನೀವು ಬರೆದ ಉತ್ತರವನ್ನು ಮೂರು ಸಲ ಓದಿದೆ. ಒಂಬತ್ತು ವರ್ಷದಿಂದ ಮುಂಬಯಿಯಲ್ಲೇ ಇರುವುದರಿಂದ ನೀವೀಗ ಪರವೂರಿನ ನೆಂಟರಂತೆ. ಯಾರಿಗೂ ತೊಂದರೆ ಕೊಡುವುದಿಲ್ಲವಂತೆ. ಕುಂದಾಪುರದಲ್ಲಿ ಒಳ್ಳೆಯ ಲಾಡ್ಜ್ ಯಾವುದು, ಊಟ ಎಲ್ಲಿ ಚೆನ್ನಾಗಿದೆ, ಬಿಡುವಿನಲ್ಲಿ ನೋಡುವ ಜಾಗಗಳು ಯಾವುವು ಎಂದಷ್ಟೇ ತಿಳಿಸಿದರೆ ಸಾಕಂತೆ. ಗಂಗೊಳ್ಳಿ ಬಂದರಿನಲ್ಲಿ ಹುಟ್ಟಿ ಬೆಳೆದವರು ನನ್ನ ಹತ್ತಿರ ನೋಡುವ ಜಾಗ ಕೇಳುತ್ತೀರಲ್ಲ, ನಿಮ್ಮ ಮೀಸೆಯಾದರೂ ನಗಲಿಲ್ಲವೇ? ಇರಲಿ. ಗಂಡಿನ ಕಡೆಯವರು ಶಿವಮೊಗ್ಗದಿಂದ ಬರುವವರು. ಅವರಿಗಾಗಿ ಹೇಗೂ ಇದನ್ನೆಲ್ಲ ವಿಚಾರಿಸಿಟ್ಟಿದ್ದೇನೆ. ಅದರಲ್ಲೇ ನಿಮಗೂ ತಿಳಿಸುತ್ತೇನೆ.

ಮೊದಲು ಲಾಡ್ಜಿನ ವಿಷಯ. ಬಸ್ಸುಗಳು ನಿಲ್ಲುವ ಕಡೆ ಒಂದಿದೆ, ಬೆಳಕು ಹರಿಯುವ ಮೊದಲೇ ಕಂಡಕ್ಟರುಗಳು ಊರೂರ ಹೆಸರು ಕೂಗಲು ಶುರು ಮಾಡುತ್ತಾರೆ. ನಿಮಗೆ ನಿದ್ದೆ ಕೆಟ್ಟರೆ ಆ ದಿನ ಯಾರೂ ಹತ್ತಿರ ಸುಳಿಯುವ ಹಾಗಿಲ್ಲ. ಹೆದ್ದಾರಿ ಬದಿಯದ್ದು ಹೊಸತು, ಚೊಕ್ಕಟವಾಗಿದೆ, ಆದರೆ ಖಾಲಿ ಇರುವ ಕೋಣೆ ಮೂರನೇ ಮಾಳಿಗೆಯಲ್ಲಿ. ನಿಮ್ಮ ಮೊಣಕಾಲು ನೋವು ನನಗೆ ಗೊತ್ತಿಲ್ಲವೆಂದುಕೊಳ್ಳಬೇಡಿ. ನಿಮ್ಮೊಡನೆ ಮೀನು ವ್ಯಾಪಾರ ಮಾಡುವ ಕುಷ್ಟಣ್ಣ ಊರಿಗೆ ಬಂದಾಗಲೆಲ್ಲ ನಿಮ್ಮ ವರದಿ ಒಪ್ಪಿಸಿ ಹೋಗುತ್ತಾರೆ. ನಾನಾಗಿ ಕೇಳುವುದಿಲ್ಲ, ಚಾ ಕುಡಿಯುವಾಗ ಅವರೇ ಹೇಳುತ್ತಾರೆ. ಇನ್ನೊಂದು ಲಾಡ್ಜಿನಲ್ಲಿ ಮಂಚ ಗಿಡ್ಡ. ನಾನೇ ಮಲಗಿ ನೋಡಿದೆ, ನನ್ನ ಪಾದವೇ ಹೊರಗೆ ಬಂತು, ನಿಮ್ಮದು ಬಾಗಿಲು ದಾಟೀತು. ಗಂಡಿನ ಕಡೆಯವರೆಲ್ಲ ಕುಳ್ಳಗಿರುವುದರಿಂದ ಅದನ್ನು ಅವರಿಗೇ ಗೊತ್ತು ಮಾಡಿದೆ. ಒಟ್ಟಿನಲ್ಲಿ ನಿಮಗೆ ಹೊಂದುವ ಲಾಡ್ಜ್ ಕುಂದಾಪುರದಲ್ಲಿಲ್ಲ. ಮನೆಯ ಚಾವಡಿಯಲ್ಲಿ ನಿಮ್ಮ ಹಳೆಯ ಮಂಚ ಇನ್ನೂ ಇದೆ. ಈಗ ಅದರ ಮೇಲೆ ತೆಂಗಿನಕಾಯಿ ರಾಶಿ ಹಾಕಿದ್ದೇವೆ. ಬೇಕಾದರೆ ತೆಗೆಯಬಹುದು.

ಊಟಕ್ಕೆ ಶಿವಮೊಗ್ಗದವರನ್ನು ಕೋಳಿ ತುಪ್ಪದ ರೋಸ್ಟ್ ಮಾಡುವ ಕಡೆ ಕಳಿಸುತ್ತೇನೆ. ಒಂದು ಸಲ ತಿಂದರೆ ಮದುವೆಯಲ್ಲಿ ಏನು ಕಡಿಮೆಯಾದರೂ ಕೊಂಕು ತೆಗೆಯುವುದಿಲ್ಲ. ನಿಮ್ಮನ್ನು ಮಾತ್ರ ಯಾವ ಹೋಟೆಲಿಗೂ ಕಳಿಸಲು ನನಗೆ ಧೈರ್ಯವಿಲ್ಲ. ಬೈಂದೂರಿನ ಹೋಟೆಲೊಂದರಲ್ಲಿ ಕಾಣೆ ಮೀನು ತಾಜಾ ಅಲ್ಲವೆಂದು ಅಡುಗೆಮನೆಗೇ ನುಗ್ಗಿ, ಉಳಿದ ಮೀನುಗಳ ಕಿವಿರು ಎತ್ತಿ ನೋಡಿದಿರಲ್ಲ! ಅಂದು ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ನಿಂತಿದ್ದೆ. ಮದುವೆಯ ಹಿಂದಿನ ವಾರ ಮನೆಯಲ್ಲಿ ನೀರುದೋಸೆ, ಬಂಗುಡೆ ಸಾರು ಇದ್ದೇ ಇರುತ್ತದೆ. ಮಾಡಿದ್ದು ಹಾಳಾಗಬಾರದಲ್ಲ, ಅದಕ್ಕೆ ಹೇಳಿದೆ.

ಇನ್ನು ನೋಡುವ ಜಾಗಗಳು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಮರವಂತೆಯ ರಸ್ತೆ ಹಾಗೆಯೇ ಇದೆ, ನೀವು ಹೋದ ಮೇಲೆ ಯಾರೂ ಅದನ್ನು ಕದ್ದಿಲ್ಲ. ಒತ್ತಿನೆಣೆ ಗುಡ್ಡದಿಂದ ಸೂರ್ಯ ಮುಳುಗುವುದನ್ನು ನೋಡಬಹುದು. ಬ್ರಹ್ಮಾವರದ ಕಡೆ ಹೋದರೆ ಬಾರ್ಕೂರಿನ ಹಳೆಯ ದೇವಸ್ಥಾನಗಳಿವೆ. ನೆಂಟರಿಗಾಗಿ ಒಂದು ವ್ಯಾನ್ ಮಾಡಿಸಿದ್ದೇನೆ, ನೀವೂ ಹತ್ತಿಕೊಳ್ಳಬಹುದು. ಆದರೆ ಕಿಟಕಿ ಬದಿಯಲ್ಲಿ ಸುಮ್ಮನೆ ಕೂರಬೇಕು. ಡ್ರೈವರಿಗೆ ದಾರಿ ಹೇಳಕೂಡದು, ಜನರಿಗೆ ಕಥೆ ಹೇಳಲೇಕೂಡದು.

ಒಂದು ಜಾಗಕ್ಕೆ ಮಾತ್ರ ಕಾಲಿಡಕೂಡದು. ಅದು ಹೊಳೆಯ ನಡುವೆ ದ್ವೀಪದಂತಿರುವ ಕುದ್ರು. ಯಾಕೆಂದು ನಿಮಗೆ ಗೊತ್ತು. ಆದರೂ ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಇವತ್ತು ಬರೆದುಬಿಡುತ್ತೇನೆ.

ಅಂದು ನಿಮ್ಮ ತಂಗಿ ಸರೋಜಳ ಮದುವೆ. ಮಾವ ತೀರಿಕೊಂಡಿದ್ದರಿಂದ ಅಣ್ಣನಾದ ನೀವೂ ನಾನೂ ಧಾರೆಗೆ ಕೂರಬೇಕಿತ್ತು. ಬೆಳಿಗ್ಗೆ ಮುಂಬಯಿಯ ನೆಂಟರನ್ನು ದೋಣಿಯಲ್ಲಿ ಕೂರಿಸಿಕೊಂಡು ಕುದ್ರು ತೋರಿಸಲು ಹೋದಿರಿ. ಅಜ್ಜನ ಕಾಲದಿಂದ ಕಡಲಿಗಿಳಿದ ಮನೆತನ, ಹೊಳೆಯ ಇಳಿತದ ಹೊತ್ತು ನಿದ್ದೆಯಲ್ಲೂ ಹೇಳುವ ಮನುಷ್ಯ. ನೆಂಟರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೆಂದು ಒಂದರ ಮೇಲೊಂದು ಕಥೆ ಹೇಳುತ್ತ ಇಳಿತವನ್ನೇ ಮರೆತಿರಿ! ನೀರು ಇಳಿಯಿತು, ದೋಣಿ ಕೆಸರಿನಲ್ಲಿ ಕೂತಿತು, ಹನ್ನೊಂದು ಜನ ರೇಷ್ಮೆ ಸೀರೆ, ಪಂಚೆ ಉಟ್ಟುಕೊಂಡು ಹೊಳೆಯ ನಡುವೆ, ನೀರು ಮತ್ತೆ ಏರುವ ಭರತಕ್ಕಾಗಿ ಕಾದರು. ಈಗ ಬರೆಯುವಾಗ ನನಗೂ ನಗು ಬರುತ್ತದೆ. ಅಂದು ಬರಲಿಲ್ಲ. ಗಿಂಡಿ ಹಿಡಿದು ಒಬ್ಬಳೇ ಮಣೆಯ ಮೇಲೆ ಕೂತಿದ್ದೆ, ಪಕ್ಕದ ಮಣೆ ಖಾಲಿ. ಮುಹೂರ್ತ ಮೀರುತ್ತದೆಂದು ಕೊನೆಗೆ ನನ್ನನ್ನು ಎಬ್ಬಿಸಿ ನಿಮ್ಮ ಚಿಕ್ಕಪ್ಪ, ಚಿಕ್ಕಮ್ಮನನ್ನು ಕೂರಿಸಿದರು. ಅಷ್ಟು ಜನರ ಮುಂದೆ ಎದ್ದು ಹೋಗುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನೀವು ಬಂದಾಗ ಎಲ್ಲರೆದುರೇ ಅಂದುಬಿಟ್ಟೆ, "ನಿಮ್ಗ್ ಮನಿಯರಿಗಿಂತ ನೆಂಟ್ರೇ ಹೆಚ್ಚಾರೆ ಅವ್ರೊಟ್ಟಿಗೇ ಹೋಯ್ನಿ" ಎಂದು. ಮರುದಿನ ನೀವು "ಇವ್ರನ್ನ್ ಬಸ್ ಹತ್ಸಿ ಈಗ ಬತ್ತೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಿರಿ. ನೆಂಟರನ್ನು ಮುಂಬಯಿ ಬಸ್ ಹತ್ತಿಸಲು ಹೋದವರು ತಾವೂ ಹತ್ತಿಕೊಂಡರು! ಮಧ್ಯಾಹ್ನದ ಊಟಕ್ಕೆ ನಿಮ್ಮ ತಟ್ಟೆ ಹಾಕಿ ಕಾದಿದ್ದೆ. ಆಮೇಲೆ ನೀವೂ ಬರಲಿಲ್ಲ, ನಾನೂ ಬನ್ನಿ ಅನ್ನಲಿಲ್ಲ. ಹಬ್ಬಹಬ್ಬಕ್ಕೆ ಮಗಳಿಗೆ ಬಟ್ಟೆ ಬಂತು, ಒಂದು ಸಲವೂ ಅಳತೆ ಸರಿಯಿರಲಿಲ್ಲ. ಬೆಳೆಯುವ ಮಗುವನ್ನು ನೋಡದೆ ಕಳಿಸಿದರೆ ಇನ್ನೇನಾಗುತ್ತದೆ? ನಾನು ಆ ಮಾತು ಆಡಬಾರದಿತ್ತು. ನೀವು ಅದನ್ನು ಹಾಗೆಯೇ ನಡೆಸಿಕೊಡಬಾರದಿತ್ತು.

ಈಗ ಧಾರೆಗೆ ನನ್ನ ಅಣ್ಣ ಮುತ್ತಣ್ಣ, ಅತ್ತಿಗೆ ಕೂರುವುದೆಂದು ಮಾತಾಗಿದೆ. ಆದರೆ ಇದಕ್ಕೆ ಯಾರೂ ಒಪ್ಪುತ್ತಿಲ್ಲ. "ಅಪ್ಪಯ್ಯನ್ ಕೈಯಂಗೇ ಧಾರೆ ಆಯ್ಕ್" ಎಂದು ಸೌಜನ್ಯ ಮೂರು ದಿನದಿಂದ ಮುಖ ಊದಿಸಿಕೊಂಡಿದ್ದಾಳೆ. ಮುತ್ತಣ್ಣನಂತೂ "ಭಾವ ಇಪ್ಪತಿಗೆ ನಾನ್ ಎಂತಕ್ಕೆ ಕೂಕಂಬುದ್?" ಎಂದು ಜೋರು ಮಾಡುತ್ತಾನೆ. ನೆಂಟರ ವ್ಯಾನಿನ ಜವಾಬ್ದಾರಿಯನ್ನು ಅವನಿಗೇ ವಹಿಸಿದ್ದೇನೆ, ಧಾರೆಯ ಹೊತ್ತಿಗೆ ಕೂರಲು ಅವನಿಗೆ ಪುರುಸೊತ್ತಿರುವುದಿಲ್ಲ.

ಪರವೂರಿನ ನೆಂಟರಿಗೆ ಕೊಡುವ ಮಾಹಿತಿ ಇಷ್ಟೇ. ಮೇ ಏಳನೇ ತಾರೀಕು ನಿಮ್ಮ ಪತ್ರಿಕೆಯಲ್ಲಿರುವಂತೆ ಬೆಳಿಗ್ಗೆ ಎಂಟು ನಲವತ್ತರ ಮುಹೂರ್ತಕ್ಕೆ ಕುಂದಾಪುರದ ಸಭಾಭವನದಲ್ಲಿರಿ. ಗಂಗೊಳ್ಳಿಯಿಂದ ರಸ್ತೆಯಲ್ಲೇ ಬನ್ನಿ. ಸುತ್ತಾದರೂ ಪರವಾಗಿಲ್ಲ, ದೋಣಿ ಮಾತ್ರ ಬೇಡ.

ಇಂತಿ,
ಸುಗುಣ

ಮರೆತದ್ದು: ಮುಹೂರ್ತ ನಿಜವಾಗಿ ಹನ್ನೊಂದು ನಲವತ್ತಕ್ಕೆ. ಪ್ರೆಸ್ಸಿನವರಿಗೆ ದಮ್ಮಯ್ಯ ಹಾಕಿ ನಿಮ್ಮದೊಂದೇ ಪತ್ರಿಕೆಯಲ್ಲಿ ಎಂಟು ನಲವತ್ತು ಎಂದು ಅಚ್ಚು ಹಾಕಿಸಿದ್ದು ನಾನೇ. ಧಾರೆ ಎರೆಯುವ ಅಪ್ಪ ಈ ಸಲವೂ ತಡ ಮಾಡಬಾರದಲ್ಲ. ಗೊತ್ತಾಯಿತೆಂದು ಹನ್ನೊಂದಕ್ಕೆ ಬರಬೇಡಿ, ಎಂಟು ನಲವತ್ತಕ್ಕೇ ಬನ್ನಿ. ಅಂದು ನಾನು ಒಬ್ಬಳೇ ಮಣೆಯ ಮೇಲೆ ಕೂತು ನಿಮ್ಮ ದಾರಿ ಕಾದೆ. ಈ ಸಲ ಮೂರು ಗಂಟೆ ನೀವು ಕೂತು ನನ್ನ ದಾರಿ ಕಾಯಿರಿ. ನಾನು ಬಂದೇ ಬರುತ್ತೇನೆ.