ಒಕ್‌ಬುನ್‌ಳ ಮೂಳೆ ಸಾರು

ಯೊನ್‌ಸಿಲ್ ಮಗಳೇ,

ಇವತ್ತು ನಿನ್ನ ಮಾವನವರ ತಿಥಿ. ಅನ್ನ, ಹುರಿದ ಮೀನು, ಒಣ ಪರ್ಸಿಮನ್ ಹಣ್ಣು ಎಡೆಗೆ ಇಟ್ಟಿದ್ದೇನೆ. ಬೆಕ್ಕು ಬಾಯಿ ಹಾಕದ ಹಾಗೆ ನೋಡಿಕೋ. ಅವರು ಒಳಗೆ ಬರಬೇಕಲ್ಲ, ಚಳಿ ಅಂತ ಬಾಗಿಲು ಮುಚ್ಚಿಬಿಡಬೇಡ.

ಹೋದ ವರ್ಷವೂ ಬಾಗಿಲು ತೆರೆದಿಟ್ಟು ಕೂತಿದ್ದೆ. ಬಂದರು ಅಂತ ನನಗೆ ಅನ್ನಿಸಲೇ ಇಲ್ಲ. ನೆಟ್ಟಗೆ ಕೆಳಬೀದಿಯ ಸಾರಿನಂಗಡಿ ಒಕ್‌ಬುನ್ ಮನೆಗೆ ಹೋಗಿರಬೇಕು. ಬದುಕಿದ್ದಾಗಲೂ ಅದೇ ದಾರಿ ತಾನೇ! "ಅವಳ ಮೂಳೆ ಸಾರಿಗೆ ಸತ್ತೋನೂ ಎದ್ದು ಬರ್ತಾನೆ ಕಣೇ" ಅಂತ ನನ್ನೆದುರಿಗೇ ಹೇಳುತ್ತಿದ್ದರು. ಬರಲಿ, ನೋಡೋಣ.

ಸಾರಿನ ಸಮೇತ ಅವಳನ್ನೇ ಕರೆತರಲು ಹೊರಟಿದ್ದೇನೆ. ಮುಖ ಗಂಟಿಕ್ಕಬೇಡ. ಎಡೆಯ ಮುಂದೆ ಅವಳಿಗೂ ಒಂದು ಚಾಪೆ ಹಾಕು. ಅವರು ಅವಳನ್ನು ನೋಡಿಕೊಂಡು ಕೂತಿರಲಿ. ನಾನು ಪಕ್ಕದಲ್ಲಿ ಕೂತು ಅವರನ್ನು ನೋಡುತ್ತೇನೆ.

ಅತ್ತೆ