ನಿಂಬೆವ್ವನ ಹೆಸರಿಲ್ಲದ ಪ್ರಾಣಿ

ಗದಗ, ಫೆಬ್ರುವರಿ ೩೦, ೨೨೧೪

ಮಕ್ಕಳನ್ನು ಸಾಕುತ್ತಿರುವ, ಮಕ್ಕಳಿಗೆ ಕಲಿಸುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಕಾಲದಲ್ಲಿಲ್ಲ. ನಾವು ತಿಂಗಳುಗಳನ್ನೆಲ್ಲ ಸರಿಸಮ ಮಾಡಿಕೊಂಡೆವು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನನ್ನ ಹೆಸರು ಗುರುದೇವಿ. ಇಲ್ಲಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ನನ್ನ ಮಗಳು ನಿಂಬೆವ್ವನೂ ಅದೇ ತರಗತಿಯಲ್ಲಿದ್ದಾಳೆ.

ನಮ್ಮಲ್ಲಿ ಹಾಲುಹಲ್ಲು ಮೂಡುವ ಮೊದಲೇ ಮಗುವಿನ ಕಿವಿಯ ಹಿಂದೆ ‘ಜೊತೆದನಿ’ಯನ್ನು ಅಂಟಿಸುತ್ತಾರೆ. ಅಕ್ಕಿಕಾಳಿನಷ್ಟು ಚಿಕ್ಕದು. ಮಗು ಬಾಯಿ ತೆರೆಯುವ ಮೊದಲೇ ಅದರ ಪ್ರಶ್ನೆಗೆ ಜೊತೆದನಿ ಉತ್ತರ ಹೇಳಿ ಮುಗಿಸಿರುತ್ತದೆ. ಮನೆಯಲ್ಲಿ ಯಾವ ಆಟ ಆಡಬೇಕು, ಶಾಲೆಯಲ್ಲಿ ಮಣ್ಣಿನ ಮುದ್ದೆಗೆ ಹೆಬ್ಬೆರಳನ್ನು ಎಲ್ಲಿ ಒತ್ತಬೇಕು, ಎಲ್ಲವನ್ನೂ ಅದೇ ತಿಳಿಸುತ್ತದೆ. ನಮ್ಮ ತರಗತಿಯ ಕಿಟಕಿಯಲ್ಲಿ ಸಾಲಾಗಿ ಮಣ್ಣಿನ ಆನೆಗಳಿವೆ. ಎಲ್ಲವೂ ಚೆಂದ, ಎಲ್ಲವೂ ಒಂದೇ.

ಕಳೆದ ಬೇಸಿಗೆಯ ಬಿರುಗಾಳಿಗೆ ಊರಿನ ದನಿಗೋಪುರ ಮುರಿದುಬಿತ್ತು. ಜೊತೆದನಿಗಳೆಲ್ಲ ಮೂಕವಾದವು. ನನಗೆ ಒಳಗೊಳಗೇ ಖುಷಿ. ಮಕ್ಕಳ ಮುಂದೆ ಹಸಿಮಣ್ಣಿಟ್ಟು, “ನಿಮಗ ಬೇಕಾದ್ದು ಮಾಡ್ರಿ” ಅಂದೆ. ಯಾರೂ ಮುಟ್ಟಲಿಲ್ಲ. ಕೊನೆಗೊಬ್ಬಳು ಅಳುತ್ತಾ ಕೇಳಿದಳು: “ಬೇಕಾದ್ದು ಅಂದ್ರ ಯಾವುದ್ರೀ ಅಕ್ಕೋರ?”

ಗೋಪುರದ ದುರಸ್ತಿ ಇನ್ನೂ ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ಅಡುಗೆಮನೆಯಿಂದ ಸದ್ದು ಕೇಳಿಸಿತು. ನಿಂಬೆವ್ವ ಹಳೆಯ ಚಪ್ಪಲಿಗೆ ಸೌಟು ಕಟ್ಟಿ, ದಾರ ಹಿಡಿದು ಎಳೆಯುತ್ತಿದ್ದಳು.

“ಏನಬೇ ಇದು?”

“ಪ್ರಾಣಿ. ಹಿಂದಕ್ಕಷ್ಟ ನಡಿತೈತಿ. ಇನ್ನೂ ಹೆಸರು ಬಂದಿಲ್ಲ.”

ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಸೌಟು ಬಿಚ್ಚಬೇಡವೆಂದು ಮಾತ್ರ ಬೇಡಿಕೊಂಡಳು.

ಮರುವಾರ ದನಿ ಮರಳಿತು. ಅದು ಬೈಯಲಿಲ್ಲ. ಬಲು ಪ್ರೀತಿಯಿಂದ, ಇನ್ನೂ ಚೆನ್ನಾಗಿ ಮಾಡುವುದು ಹೇಗೆಂದು ಹೇಳಿಕೊಟ್ಟಿತಂತೆ. ಸಂಜೆಯೊಳಗೆ ಪ್ರಾಣಿಯ ಜಾಗದಲ್ಲಿ ನಾಲ್ಕು ಗಾಲಿಯ ಅಚ್ಚುಕಟ್ಟಾದ ಬಂಡಿ ನಿಂತಿತ್ತು.

“ಮೊದಲಿನದ ಚಲೋ ಇತ್ತಲ್ಲ, ನಿಂಬಿ. ಅದನ್ನ ಮತ್ತ ಮಾಡು.”

“ಅದು ತಪ್ಪಿತ್ತಂತವ್ವ.”

ನನಗೆ ತಡೆಯಲಾಗಲಿಲ್ಲ. ಅವಳ ಕಿವಿಯ ಹಿಂದಿನ ಕಾಳನ್ನು ಕಿತ್ತೇಬಿಟ್ಟೆ. ಗಾಳಿಗೆ ಗೋಪುರ ಬಿದ್ದಾಗ ಊರಿನ ಮಕ್ಕಳೆಲ್ಲರೂ ದನಿಯಿಲ್ಲದವರೇ ಆಗಿದ್ದರು, ಈಗ ಅವಳೊಬ್ಬಳೇ. ಮಗು ಗೋಡೆಗೆ ಒತ್ತಿ ಕೂತುಬಿಟ್ಟಿತು. ಅನ್ನ ಮುಟ್ಟಲಿಲ್ಲ. “ನನ್ನ ತಲ್ಯಾಗ ಯಾರೂ ಇಲ್ಲವ್ವ, ಅಂಜಿಕಿ ಬರ್ತೈತಿ” ಎಂದಳು. ನಾನು ಆಡಿಸಿ, ಎತ್ತಿಕೊಂಡು, ಹಾಡಿ ನೋಡಿದೆ. ಮೈ ಸುಡತೊಡಗಿದಾಗ ನನ್ನ ಕೈಯಿಂದಲೇ ಕಾಳನ್ನು ಮತ್ತೆ ಅಂಟಿಸಿದೆ. ಅವಳ ಮುಖ ಹಗುರಾಯಿತು. ನಾನು ಆಚೆ ಹೋಗಿ ಕೂತೆ.

ಈ ಕಾಗದ ನಿಮಗೆ ಮುಟ್ಟುವುದೋ ಇಲ್ಲವೋ ಕಾಣೆ. ನನ್ನಿಂದ ಬೇರೇನೂ ಆಗದು. ನಿಮ್ಮ ಮಗು ಏನಾದರೂ ಕೇಳಿದಾಗ, ಉತ್ತರ ಗೊತ್ತಿದ್ದರೂ ಸ್ವಲ್ಪ ಹೊತ್ತು ಸುಮ್ಮನಿರಿ. ಆಮೇಲೆ, ನಿನಗೇನನಿಸುತ್ತದೆ ಎಂದು ಕೇಳಿ ನೋಡಿ. ಇಲ್ಲಿ ಹಾಗೆ ಕೇಳಿದರೆ ಮಕ್ಕಳು ಕಿವಿಯ ಹಿಂದೆ ಕೈಯಿಟ್ಟು ಕಾಯುತ್ತಾರೆ.

ಇಂತಿ,
ಗುರುದೇವಿ